ವಿಡಿಯೋ ಅಳಿಸಿದರೆ ಜಾಗ ಸಿಗುವುದೇ?



ನಿಮ್ಮಲ್ಲಿ ಕೆಲವರ ಮನೆಯಲ್ಲಿ ರೂಟರಿನ ಪಕ್ಕ, ಎರಡು ಡಿಸ್ಕ್‌ಗಳಿರುವ ಒಂದು ಸಣ್ಣ ಪೆಟ್ಟಿಗೆ ಇರಬಹುದು. ಅಕ್ಕನ ಮದುವೆಯ ವಿಡಿಯೋ, ಅಜ್ಜನ ಫೋಟೋ, ಸನ್ನತಿಗೆ ಪ್ರವಾಸ ಹೋದಾಗ ತೆಗೆದ ಚಿತ್ರಗಳು ಎಲ್ಲವೂ ಅದರೊಳಗೆ. ಮನೆಯ ಎಲ್ಲ ಫೋನು, ಕಂಪ್ಯೂಟರುಗಳೂ ಅದನ್ನು ತಲುಪಬಲ್ಲವು. ಇದಕ್ಕೆ ನ್ಯಾಸ್ ಎಂದು ಹೆಸರು.

ಒಂದು ದಿನ ಈ ಪೆಟ್ಟಿಗೆ ಎಚ್ಚರಿಕೆ ಕೊಡುತ್ತದೆ: ಸಿಸ್ಟಮ್ ಜಾಗ ಸಾಲದು, ಹೊಸ ಆವೃತ್ತಿಯನ್ನು ಹಾಕಲಾಗದು. ಆಗ ಮನೆಯವರು ಮೊದಲು ಕೈ ಹಾಕುವುದು ದೊಡ್ಡ ವಿಡಿಯೋಗಳಿಗೆ. ದಯವಿಟ್ಟು ಆ ಕೈಯನ್ನು ತಡೆಯಿರಿ. 40 ಗಿಗಾಬೈಟ್ ಮದುವೆಯ ವಿಡಿಯೋ ಅಳಿಸಿದರೂ ಸಿಸ್ಟಮ್‌ಗೆ ಒಂದು ಬೈಟ್ ಕೂಡ ಸಿಗದೆ ಹೋಗಬಹುದು. ಹೀಗೇಕೆ?

ವಾಡಿ ಜಂಕ್ಷನ್ನಿಗೆ ಹೋಗೋಣ. 1874ರಲ್ಲಿ ನಿಜಾಮರ ರೈಲುಮಾರ್ಗ ಇಲ್ಲಿ ಬಂದು ಸೇರಿತು. ಶಹಾಬಾದಿನವರು ಒಂದು ಕಡೆಯಿಂದ, ಚಿತ್ತಾಪುರ ಮತ್ತು ಸೇಡಂನವರು ಇನ್ನೊಂದು ಕಡೆಯಿಂದ ಇಲ್ಲಿಗೆ ರೈಲಿನಲ್ಲೇ ಬರಬಹುದು. (ಚಿಂಚೋಳಿಯವರು ಮಾತ್ರ ರೈಲು ಹತ್ತಲು ಸೇಡಮ್ಮಿಗೋ ತಾಂಡೂರಿಗೋ ಬರಬೇಕು.) ಇಂಥ ಒಂದು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರ ಕೋಣೆ ಹಳೆಯ ರಿಜಿಸ್ಟರುಗಳಿಂದ ತುಂಬಿಹೋಗಿ, ಅವರಿಗೆ ಕೂರಲೂ ಸ್ಥಳವಿಲ್ಲ ಎಂದುಕೊಳ್ಳಿ. ಗೂಡ್ಸ್ ಶೆಡ್ಡಿನ ಸಿಮೆಂಟ್ ಚೀಲಗಳನ್ನೆಲ್ಲ ಹೊರಗೆ ಸಾಗಿಸಿದರೆ ಆ ಕೋಣೆ ಖಾಲಿಯಾಗುತ್ತದೆಯೇ? ಇಲ್ಲ. ಎರಡರ ನಡುವೆ ಗೋಡೆಯಿದೆ.

ನ್ಯಾಸ್ ಪೆಟ್ಟಿಗೆಯ ಡಿಸ್ಕಿನೊಳಗೂ ಇಂಥದೇ ಗೋಡೆಯಿದೆ. ಅದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ಉದಾಹರಣೆಗೆ, ಸಿನಾಲಜಿ ಕಂಪನಿಯ ಹಳೆಯ ಪೆಟ್ಟಿಗೆಗಳಲ್ಲಿ ಸಿಸ್ಟಮ್ ಕೋಣೆಯ ಅಳತೆ ಸುಮಾರು 2.4 ಗಿಗಾಬೈಟ್ ಮಾತ್ರ. ಹೊಸ ಆವೃತ್ತಿಯಲ್ಲಿ ಹೊಸದಾಗಿ ಸಜ್ಜುಗೊಳಿಸಿದವುಗಳಲ್ಲಿ ಸುಮಾರು 8. ಒಂದು ಡಿಸ್ಕ್ ಕೆಟ್ಟರೂ ಪೆಟ್ಟಿಗೆ ನಡೆಯಲೆಂದು ಈ ಕೋಣೆಯ ನಕಲು ಪ್ರತಿ ಡಿಸ್ಕಿನಲ್ಲೂ ಇರುತ್ತದೆ. ಆದ್ದರಿಂದ ಹಣ ಕೊಟ್ಟು ದೊಡ್ಡ ಡಿಸ್ಕ್ ತಂದು ಹಾಕಿದರೂ ಗೂಡ್ಸ್ ಶೆಡ್ ಬೆಳೆಯುತ್ತದೆಯೇ ಹೊರತು ಮಾಸ್ತರರ ಕೋಣೆ ಅಷ್ಟೇ ಇರುತ್ತದೆ.

ಕೋಣೆಯನ್ನು ತುಂಬುವುದು ಯಾವುದು? ದಿನದಿನದ ನಡೆ ಬರೆದಿಡುವ ಲಾಗ್ ಕಡತಗಳು, ಅರ್ಧಕ್ಕೆ ನಿಂತ ಆವೃತ್ತಿಯ ಉಳಿಕೆಗಳು, ಯಾವುದಾದರೂ ಪ್ರೋಗ್ರಾಂ ಕುಸಿದಾಗ ಬಿಟ್ಟುಹೋದ ದೊಡ್ಡ ಕಡತಗಳು. ಇವು ಸಾಮಾನ್ಯ ಕಾರಣಗಳು. ಬೇಡವಾದ ಪ್ಯಾಕೇಜುಗಳನ್ನು ಪೆಟ್ಟಿಗೆಯ ಮೆನುವಿನಿಂದಲೇ ತೆಗೆದು, ಹಳೆಯ ಲಾಗ್‌ಗಳನ್ನು ಬೇರೆಡೆ ನಕಲು ಮಾಡಿಕೊಂಡು ಅಳಿಸಿ, ಒಮ್ಮೆ ಮರುಚಾಲನೆ ಮಾಡಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಮರುಚಾಲನೆ ಏಕೆಂದರೆ, ಒಂದು ಪ್ರೋಗ್ರಾಂ ತೆರೆದು ಹಿಡಿದಿರುವ ಕಡತವನ್ನು ನೀವು ಅಳಿಸಿದರೆ ಹೆಸರು ಹೋಗುತ್ತದೆ, ಜಾಗ ಬರುವುದಿಲ್ಲ. ಆ ಪ್ರೋಗ್ರಾಂ ಕೈಬಿಟ್ಟ ಮೇಲಷ್ಟೇ ಬರುತ್ತದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು ಕಾರಣ. ಪ್ರತಿ ರಾತ್ರಿ ಫೋಟೋಗಳನ್ನು ಪೆಟ್ಟಿಗೆಗೆ ಹಚ್ಚಿದ ಹೊರಗಿನ ಡಿಸ್ಕಿಗೆ ನಕಲು ಮಾಡುವಂತೆ ನೀವು ಒಂದು ಆದೇಶ ಬರೆದಿಟ್ಟಿದ್ದೀರಿ. ಒಂದು ಸಂಜೆ ಕರೆಂಟು ಹೋಗಿ ಬಂತು, ಆ ಡಿಸ್ಕ್ ಮಾತ್ರ ಎಚ್ಚರವಾಗಲಿಲ್ಲ. ಲಿನಕ್ಸ್ ಬಗೆಯ ವ್ಯವಸ್ಥೆಯಲ್ಲಿ ಡಿಸ್ಕ್ ಎಂಬುದು ಒಂದು ಫೋಲ್ಡರಿನ ಹೆಸರಿಗೆ ಬಂದು ನಿಲ್ಲುವ ವ್ಯಾಗನ್ ಇದ್ದಂತೆ. "ಎರಡನೆಯ ಹಳಿಯ ವ್ಯಾಗನ್ನಿಗೆ ಚೀಲ ಹಾಕು" ಎಂದು ಹಮಾಲನಿಗೆ ಹೇಳಿದ್ದೀರಿ. ವ್ಯಾಗನ್ ಬಂದಿಲ್ಲ. ಮನುಷ್ಯ ಹಮಾಲನಾದರೆ ಬಂದು ಕೇಳುತ್ತಾನೆ. ಯಂತ್ರದ ಹಮಾಲ ಬರಿಯ ಹಳಿಯ ಮೇಲೇ ಚೀಲ ಒಟ್ಟುತ್ತಾನೆ. ಆ ಹಳಿ ಇರುವುದು ಸಿಸ್ಟಮ್ ಕೋಣೆಯಲ್ಲಿ. ಮರುದಿನ ಡಿಸ್ಕ್ ಎಚ್ಚೆತ್ತು ಅದೇ ಹಳಿಗೆ ಬಂದು ನಿಂತರೆ, ಚೀಲಗಳೆಲ್ಲ ವ್ಯಾಗನ್ನಿನ ಅಡಿಯಲ್ಲಿ! ಜಾಗ ತುಂಬಿದೆ, ಕಣ್ಣಿಗೆ ಏನೂ ಕಾಣದು.

ಇದನ್ನು ಪತ್ತೆ ಮಾಡಲು ಎರಡು ಹಳೆಯ ಆದೇಶಗಳಿವೆ, ಡಿಎಫ್ ಮತ್ತು ಡಿಯು. 1971ರ ಮೊದಲ ಯುನಿಕ್ಸ್‌ನಲ್ಲೇ ಇದ್ದವು, ಇಂದಿಗೂ ಇವೆ. ಒಂದು ಪಾರ್ಟಿಷನ್ ಒಟ್ಟು ಎಷ್ಟು ತುಂಬಿದೆ ಎಂದು ಡಿಎಫ್ ಹೇಳುತ್ತದೆ. ಡಿಯು ಕಾಣುವ ಕಡತಗಳನ್ನು ಮಾತ್ರ ಎಣಿಸಿ ಕೂಡುತ್ತದೆ. ಬೇರೆ ಪಾರ್ಟಿಷನ್ನಿಗೆ ಕಾಲಿಡಬೇಡ ಎಂದು ಅದಕ್ಕೆ ಹೇಳಬಹುದು. ಡಿಎಫ್ 2.3 ಎನ್ನುತ್ತದೆ, ಡಿಯು 1.2 ಎನ್ನುತ್ತದೆ ಎಂದುಕೊಳ್ಳಿ. ಉಳಿದ 1.1 ಗಿಗಾಬೈಟ್ ಎಲ್ಲಿ? ಒಂದೋ ಅಳಿಸಿದರೂ ಯಾರೋ ಹಿಡಿದಿರುವ ಕಡತದಲ್ಲಿ, ಇಲ್ಲವೇ ವ್ಯಾಗನ್ನಿನ ಅಡಿಯಲ್ಲಿ. ಮರುಚಾಲನೆಯ ನಂತರವೂ ವ್ಯತ್ಯಾಸ ಉಳಿದರೆ ಎರಡನೆಯದನ್ನೇ ಶಂಕಿಸಬೇಕು.

ಆಗ ಹೊರಗಿನ ಡಿಸ್ಕನ್ನು ಮೆನುವಿನಿಂದ ಕ್ರಮವಾಗಿ ಬಿಡಿಸಿ, ಅದೇ ಹೆಸರಿನ ಫೋಲ್ಡರನ್ನು ತೆರೆದು ನೋಡಿ. ಸಿಕ್ಕಿದ್ದನ್ನು ಕೂಡಲೇ ಅಳಿಸಬೇಡಿ. ಆ ರಾತ್ರಿಯ ನಂತರ ಮೂಲ ಫೋಟೋಗಳನ್ನು ಯಾರಾದರೂ ಫೋನಿನಿಂದಲೂ ಪೆಟ್ಟಿಗೆಯಿಂದಲೂ ತೆಗೆದಿದ್ದರೆ, ಉಳಿದಿರುವ ಪ್ರತಿ ಇದೊಂದೇ. ಮೊದಲು ದೊಡ್ಡ ಪಾರ್ಟಿಷನ್ನಿಗೆ ನಕಲು ಮಾಡಿ, ನಾಲ್ಕಾರು ಚಿತ್ರ ತೆರೆದು ನೋಡಿ, ಆಮೇಲೆ ಇಲ್ಲಿಂದ ತೆಗೆಯಿರಿ. ಹೆಸರು ತಿಳಿಯದ ಸಿಸ್ಟಮ್ ಕಡತಗಳನ್ನಂತೂ ಮುಟ್ಟಲೇಬೇಡಿ. ಕಾಲೇಜಿನ ಕಂಪ್ಯೂಟರ್ ಉಪನ್ಯಾಸಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವ ಕೆಲಸ ಅದು.

ಕೊನೆಗೆ ಆ ರಾತ್ರಿಯ ಆದೇಶಕ್ಕೆ ಒಂದು ಸಾಲು ಸೇರಿಸಿ: ಡಿಸ್ಕ್ ಬಂದು ನಿಂತಿದ್ದರೆ ಮಾತ್ರ ನಕಲು ಮಾಡು, ಇಲ್ಲದಿದ್ದರೆ ನಿಲ್ಲಿಸಿ ನನಗೆ ತಿಳಿಸು. ನಂತರ ಹೊಸ ಆವೃತ್ತಿಯನ್ನು ಮತ್ತೆ ಹಾಕಿ ನೋಡಿ.