ನಾಗಿನ್ ಧಾರಾವಾಹಿಯ ಇಬ್ಬರು ಗೆಳತಿಯರು

(ಕಮಲಾಪುರದಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಲಬುರಗಿ ನಗರದ ಸಂಘಗಳಿಂದ ಬಂದವರೂ ಇಲ್ಲಿದ್ದೀರಿ, ಕಮಲಾಪುರದ ಸುತ್ತಲಿನ ಹಳ್ಳಿಗಳಿಂದ ಬಂದವರೂ ಇದ್ದೀರಿ. ಬೆಳಿಗ್ಗೆಯಿಂದ ಉಳಿತಾಯ, ಸಾಲ, ಬ್ಯಾಂಕು ಅಂತ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ಊಟ ಆದಮ್ಯಾಲ ಕಣ್ಣು ಎಳೀತಾವ. ಅದಕ್ಕ ನಾನು ಈಗ ಟಿ.ವಿ. ಬಗ್ಗೆ ಮಾತಾಡ್ತೀನಿ. ಧಾರಾವಾಹಿ ನೋಡಬ್ಯಾಡ್ರಿ ಅಂತ ಬೈಯ್ಯಲಾಕ ಬಂದಿಲ್ಲ, ಹೆದರಬ್ಯಾಡ್ರಿ. ಹಗಲೆಲ್ಲ ತೊಗರಿ ಹೊಲದಾಗ, ಬಾಳೆ ತೋಟದಾಗ ದುಡಿದು ಬಂದ ಹೆಣ್ಣುಮಗಳು ರಾತ್ರಿ ಅರ್ಧ ತಾಸು ಕುಂತು ಏನೋ ನೋಡಿದರೆ ಅದರಲ್ಲಿ ತಪ್ಪು ಹುಡುಕುವವರು ಮೊದಲು ಅವಳ ಕೈಯೊಳಗಿನ ಕೆಲಸ ಇಸಕೊಳ್ಳಲಿ.

2015ರ ನವೆಂಬರ್‌ನಲ್ಲಿ ಕಲರ್ಸ್ ಹಿಂದಿ ಚಾನೆಲ್‌ನಲ್ಲಿ 'ನಾಗಿನ್' ಶುರುವಾಯಿತು. ಏಕ್ತಾ ಕಪೂರ್ ಅವರ ಬಾಲಾಜಿ ಸಂಸ್ಥೆ ತೆಗೆದದ್ದು. ಶನಿವಾರ, ಭಾನುವಾರ ರಾತ್ರಿ ಬರುತ್ತಿತ್ತು. ನಮ್ಮ ಕಲಬುರಗಿಯಲ್ಲಿ ಹಿಂದಿ, ಉರ್ದು ಎಲ್ಲರ ಕಿವಿಗೂ ರೂಢಿ. ಹಾಗಾಗಿ ಕನ್ನಡ ಮಾತಾಡುವ ಮನೆಗಳಲ್ಲೂ ಅದನ್ನು ನೋಡಿದರು. ಮರುವರ್ಷ, 2016ರಲ್ಲಿ, ಜೀ ಕನ್ನಡದಲ್ಲಿ 'ನಾಗಿಣಿ' ಬಂತು. ಅದರಲ್ಲಿ ದೀಪಿಕಾ ದಾಸ್ ಅಮೃತಾ ಆಗಿದ್ದರು. ಕತೆ ಬೇರೆ, ಆದರೆ ಹಾವು ಹೆಣ್ಣಾಗಿ ಬಂದು ಸೇಡು ತೀರಿಸುವುದು ಎರಡರಲ್ಲೂ ಇದೆ. ನಾನು ಇವತ್ತು ಹೇಳುವುದು ಹಿಂದಿ ನಾಗಿನ್‌ನ ಮೊದಲ ಭಾಗದ ಕತೆ. ಅದು 2016ರ ಜೂನ್‌ನಲ್ಲಿ ಮುಗಿಯಿತು.

ನೋಡಿದವರಿಗೆ ನೆನಪಿರಬಹುದು. ಶಿವನ್ಯಾ ಅಂತ ಒಬ್ಬಳು, ಬೇಕಾದ ರೂಪ ತಾಳುವ ನಾಗಿಣಿ. ನಟಿಸಿದವರು ಮೌನಿ ರಾಯ್. ನಾಗಮಣಿಯ ಆಸೆಗೆ ಅವಳ ತಂದೆ-ತಾಯಿಯನ್ನು ಕೊಂದಿರುತ್ತಾರೆ. ಕೊಂದವರನ್ನು ಹುಡುಕುತ್ತಾ ಅವಳು ರಹೇಜಾ ಅನ್ನುವ ಶ್ರೀಮಂತರ ಮನೆ ಸೇರುತ್ತಾಳೆ. ಅವಳ ಜೊತೆಗೆ ಶೇಷಾ. ಇವಳೂ ನಾಗಿಣಿಯೇ, ಅದಾ ಖಾನ್ ಮಾಡಿದ ಪಾತ್ರ. ಇಬ್ಬರದೂ ಅಕ್ಕ-ತಂಗಿಯಂಥ ಗೆಳೆತನ. ಒಬ್ಬಳು ಮನೆಯೊಳಗೆ, ಇನ್ನೊಬ್ಬಳು ಅವಳ ಬೆನ್ನಿಗೆ. ಮುಂದೆ ಶಿವನ್ಯಾ ಆ ಮನೆಯ ಮಗ ರಿತಿಕ್‌ನನ್ನು ಮದುವೆಯಾಗುತ್ತಾಳೆ. ಸೇಡಿಗಾಗಿ ಆದ ಮದುವೆ ಹೋಗ್ತಾ ಹೋಗ್ತಾ ಖರೇನೇ ಪ್ರೀತಿ ಆಗ್ತದ. ಇತ್ತ ಶೇಷಾಳ ಮನಸ್ಸೂ ರಿತಿಕ್ ಮೇಲೆ ಹೋಗ್ತದ. ಅಲ್ಲಿಂದ ಗೆಳೆತನ ಕೆಡುತ್ತದೆ. ಶೇಷಾ ಹೋಗಿ ಯಾಮಿನಿಯ ಜೊತೆ ಕೂಡಿಕೊಳ್ಳುತ್ತಾಳೆ. ಯಾಮಿನಿ ಅಂದರೆ ಸುಧಾ ಚಂದ್ರನ್ ಮಾಡಿದ ಅತ್ತೆಯ ಪಾತ್ರ, ನಕ್ಕೋತ ನಕ್ಕೋತ ಮೋಸ ಮಾಡುವವಳು. ಎರಡನೇ ಭಾಗದಲ್ಲಂತೂ ಶಿವನ್ಯಾಳನ್ನು ಕೊಂದವರ ಗುಂಪಿನಲ್ಲಿ ಶೇಷಾ ಕೂಡ ಇದ್ದಾಳೆ.

ನಮ್ಮ ಓಣಿಯ ಹೆಣ್ಣುಮಕ್ಕಳು ಇದನ್ನು ನೋಡಿ ಏನಂದರು? "ಶೇಷಾ ವಿಷ ರೀ ಸಿಸ್ಟರ್, ಅವಳ ರಕ್ತದಾಗೇ ವಿಷ ಅದ." ಹಾವಲ್ಲೇನು, ವಿಷ ಇರುವುದು ಸಹಜ. ಆದರೆ ಶಿವನ್ಯಾಳೂ ಹಾವೇ ಅಲ್ಲವಾ? ಅವಳನ್ನು ನಾವು ದೇವತೆ ಅಂದೆವು. ಯಾಕಂದ್ರ ಕತೆಯನ್ನು ಅವಳ ಕಡೆಯಿಂದ ಹೇಳ್ಯಾರ.

ಶೇಷಾಳ ಕಡೆಯಿಂದ ಒಂದು ಸಲ ನೋಡ್ರಿ. ಸೇಡು ಮುಖ್ಯವಾಗಿ ಶಿವನ್ಯಾಳದು. ಶೇಷಾ ಬಂದದ್ದು ಗೆಳತಿಗೆ ಆಸರೆಯಾಗಿ. ಶಿವನ್ಯಾ ಸಿಕ್ಕಿಬೀಳುವಂತೆ ಆದಾಗ ನೆರವಿಗೆ ಓಡಿ ಬರುವವಳು ಇವಳು. ಕೊನೆಗೆ ಏನಾಯಿತು? ಶಿವನ್ಯಾಗೆ ಗಂಡ ಸಿಕ್ಕ, ಮನೆ ಸಿಕ್ಕಿತು, ಸೊಸೆ ಅನ್ನುವ ಮರ್ಯಾದೆ ಸಿಕ್ಕಿತು. ಶೇಷಾ ಹೊರಗೇ ಉಳಿದಳು. "ನನ್ನ ಸಲುವಾಗಿ ಇಷ್ಟು ಮಾಡಿದಿ, ನಿನಗೇನು ಬೇಕು?" ಅನ್ನುವ ಮಾತನ್ನು ಶಿವನ್ಯಾ ಗಟ್ಟಿಯಾಗಿ ಕೇಳಿದ್ದರೆ ಕತೆ ಬೇರೆ ದಾರಿ ಹಿಡಿಯುತ್ತಿತ್ತು. ಶೇಷಾ ಮಾಡಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಗೆಳತಿಯ ಗಂಡನ ಮೇಲೆ ಕಣ್ಣು ಹಾಕುವುದು, ವೈರಿಯ ಕೈ ಹಿಡಿಯುವುದು ಸಣ್ಣ ತಪ್ಪಲ್ಲ. ಆದರೆ ಅದಕ್ಕೆ ಮೂಲ ಅವಳ ಹಲ್ಲಿನ ವಿಷ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಹಳ ದಿನ ಹೊತ್ತ ಭಾರಕ್ಕೆ ಯಾರೂ ಲೆಕ್ಕ ಇಡಲಿಲ್ಲ, ಆಕೆಯೂ ಬಾಯಿಬಿಟ್ಟು ಹೇಳಲಿಲ್ಲ.

ಇಬ್ಬರೂ ಕುಂತು ಮಾತಾಡಿದರೆ ಧಾರಾವಾಹಿ ಮುಗೀತದ, ಅದೂ ಒಂದು ಮಾತು. ಶನಿವಾರ ಒಬ್ಬಳಿಗೆ ಅನುಮಾನ ಹುಟ್ಟಬೇಕು, ಭಾನುವಾರ ಅದು ಬೆಳೀಬೇಕು, ಮುಂದಿನ ಶನಿವಾರದ ತನಕ ನಾವು ಕಾಯಬೇಕು. ಟಿ.ಆರ್.ಪಿ. ಅನ್ನೋದು ಅದರ ಮ್ಯಾಲ ನಿಂತದ. ಅದಕ್ಕ ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ಕ್ಯಾಮರಾ ಮೂರು ಮೂರು ಸಲ ಹೋಗ್ತದ, ಢಂ ಢಂ ಅಂತ ಸಪ್ಪಳ ಬರ್ತದ, ಮಾತು ಮಾತ್ರ ಬರಂಗಿಲ್ಲ.

ನಮ್ಮ ಕಡೆಯ ನಾಗಪ್ಪ ಹಿಂಗ ಇರಲಿಲ್ಲ ನೋಡ್ರಿ. ಪಂಚಮಿ ಬಂತಂದ್ರ ತವರಿಗೆ ಹೋಗುವುದು, ಜೋಕಾಲಿ ಆಡುವುದು, ಉಂಡಿ ಕಟ್ಟುವುದು. ಹುತ್ತಕ್ಕೆ ಹಾಲೆರೆಯುವಾಗ ಅಣ್ಣ-ತಮ್ಮಂದಿರನ್ನು ನೆನೆಸಿ ಅವರ ಹೆಸರಿನಲ್ಲೂ ಎರೆಯುತ್ತೀರಿ. ಇಲ್ಲಿಯ ಹೆಣ್ಣುಮಗಳಿಗೆ ನಾಗಪ್ಪ ಅಂದ್ರ ತವರಿನ ಕಡೆಯವ. ಗಿರೀಶ ಕಾರ್ನಾಡರು 1988ರಲ್ಲಿ 'ನಾಗಮಂಡಲ' ನಾಟಕ ಬರೆದರು, ಜನಪದ ಕತೆಗಳನ್ನು ಆಧರಿಸಿ. 1997ರಲ್ಲಿ ನಾಗಾಭರಣ ಅವರು ಸಿನಿಮಾ ಮಾಡಿದರು, ಟಿ.ವಿ.ಯಲ್ಲಿ ಬಂದಾಗ ಕೆಲವರು ನೋಡಿರಬಹುದು. ಅಲ್ಲೂ ಹಾವು ಮನುಷ್ಯ ರೂಪ ತಾಳುತ್ತದೆ, ಆದರೆ ಸೇಡಿಗಲ್ಲ, ಪ್ರೀತಿಗೆ. ಗಂಡ ಹೊರಗಿನಿಂದ ಬೀಗ ಹಾಕಿಕೊಂಡು ಹೋದಾಗ ಆ ರಾಣಿ ಎಂಬ ಹುಡುಗಿಯ ಹತ್ತಿರ ಬಂದು ಮಾತಾಡಿಸುವವಳು ಕುರುಡವ್ವ ಅನ್ನುವ ಮುದುಕಿ. ಕಣ್ಣಿಲ್ಲದವಳು, ಆದರೂ ಹುಡುಗಿಯ ಕಷ್ಟ ಅವಳಿಗೇ ಕಂಡಿತು.

ಇಷ್ಟು ಯಾಕೆ ಹೇಳಿದೆ ಅಂದರೆ, ಧಾರಾವಾಹಿಯ ಶೇಷಾಳನ್ನು ನೋಡಿದ ಕಣ್ಣಿನಿಂದಲೇ ನಾವು ಪಕ್ಕದ ಮನೆಯವಳನ್ನೂ ನೋಡುವ ದಿನ ಬರುತ್ತದೆ. ಟಿ.ವಿ. ಬರುವುದಕ್ಕೂ ಮೊದಲೇ ನಮ್ಮ ಕಲಬುರಗಿ, ಬೀದರ ಕಡೆ ಅದಕ್ಕೊಂದು ಹೆಸರಿತ್ತು: ಬಾನಾಮತಿ. ಮನಸ್ಸು ಕೆಟ್ಟ ಗೆಳತಿ ಅಂದರೆ ಸಾಕಾಗುವುದಿಲ್ಲ, ಬಾನಾಮತಿ ಮಾಡಿಸಿದವಳು ಅನ್ನಬೇಕು. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಬಾನಾಮತಿ, ಮೈಮೇಲೆ ಬರುವುದು, ಇವುಗಳ ಬಗ್ಗೆ ಜನರಿಗೆ ತಿಳಿಯುವ ಕನ್ನಡದಲ್ಲಿ ಬಹಳ ವರ್ಷಗಳಿಂದ ಬರೆದಿದ್ದಾರೆ. ಮನಸ್ಸಿನ ನೋವಿಗೆ ಬಾಯಿ ಇಲ್ಲದಾಗ ಅದು ಮೈಯಲ್ಲಿ ಮಾತಾಡುತ್ತದೆ ಅನ್ನುವುದನ್ನು ಇಂಥ ವೈದ್ಯರ ಬರಹಗಳಿಂದ ನಾವು ಕಲಿತೆವು.

ಕಮಲಾಪುರದಿಂದ ದೂರವಲ್ಲದ ಒಂದು ಹಳ್ಳಿಯ ಸಂಗತಿ ಹೇಳ್ತೀನಿ. ಊರಿನ ಹೆಸರು, ಜನರ ಹೆಸರು ಬ್ಯಾಡ. ಇಬ್ಬರು ಗೆಳತಿಯರು, ಗೋಡೆಗೆ ಗೋಡೆ ಹತ್ತಿದ ಮನೆ. ಒಂದೇ ಸಂಘ. ಒಬ್ಬಾಕಿ ಸಂಘದಿಂದ ಸಾಲ ತೊಗೊಂಡು ಎಮ್ಮೆ ಕಟ್ಟಿದಳು. ಗಂಡ ಪುಣೆಗೆ ದುಡಿಯಲಾಕ ಹೋಗಿ ದುಡ್ಡು ಕಳಿಸಲಿಲ್ಲ. ನಾಲ್ಕು ತಿಂಗಳ ಕಂತನ್ನು ಇನ್ನೊಬ್ಬಾಕಿ ತನ್ನ ಬಳೆ ಅಡ ಇಟ್ಟು ತುಂಬಿದಳು. ನಡಾವಳಿ ಪುಸ್ತಕದಾಗ ಬರೆಸಲಿಲ್ಲ, ಗೆಳತಿಯ ಮಾನ ಹೋಗ್ತದಂತ. ಆಮ್ಯಾಲ ಎಮ್ಮೆ ಈಯಿತು, ಹಾಲು ಮಾರಿ ಕೈಯಾಗ ರೊಕ್ಕ ಆಡಿತು. ಆದರ ಬಳೆಯ ಮಾತು ಬರಲಿಲ್ಲ. ಈಕಿ ಕೇಳಲಿಲ್ಲ, ಆಕಿ ತೆಗೀಲಿಲ್ಲ. ಆಕಿಗೆ ನಾಚಿಕೆ, ಈಕಿಗೆ ಸಿಟ್ಟು. ಮನೆಗೆ ಹೋಗಿ ಬರುವುದು ಕಡಿಮೆಯಾಯಿತು. ಸಂಘದ ಸಭೆಯಲ್ಲಿ ಚಾಪೆಯ ಈ ತುದಿಗೆ ಒಬ್ಬಳು, ಆ ತುದಿಗೆ ಒಬ್ಬಳು.

ಅಷ್ಟರಲ್ಲಿ ಎಮ್ಮೆಯ ಹಾಲು ನಿಂತಿತು. ಕೆಚ್ಚಲು ಬಾತಿತ್ತು. ಹಿಂದಿನ ದಿನ ಗೆಳತಿ ದನದ ಕೊಟ್ಟಿಗೆಯ ಮುಂದೆ ಹಾದು ಹೋಗಿದ್ದಳಂತೆ. ಓಣಿಯಲ್ಲಿ ಒಬ್ಬ ಹಿರಿಯಾಕಿ ಇದ್ದಳು, ನಮ್ಮ ಧಾರಾವಾಹಿಯ ಯಾಮಿನಿ ಇದ್ದಂಗ. ಆಕಿ ಅಂದಳು: "ಬಾಳ ದಿನದಿಂದ ಮುಖ ತಿರುಗಿಸ್ಯಾಳಲ್ಲ, ಸುಮ್ಮನ ಇರ್ತಾಳೇನು?" ಸಂಜೆಯೊಳಗೆ ಓಣಿಯೆಲ್ಲ ಬಾನಾಮತಿ ಮಾತು. ಆಮೇಲೆ ಅವಳ ಮನೆಯ ನೀರು ಕುಡಿಯುವುದು ಬಿಟ್ಟರು. ಮಕ್ಕಳು ಅವಳನ್ನು ಕಂಡರೆ ಓಡುವಂತಾಯಿತು. ಅವಳ ಮಗಳನ್ನು ನೋಡಲು ಬರಬೇಕಿದ್ದ ಬೀಗರು ಬರಲಿಲ್ಲ. ಕಂತು ತುಂಬಿ ಮನೆ ಉಳಿಸಿದ ಹೆಣ್ಣುಮಗಳೇ ಊರಿನ ಕಣ್ಣಿಗೆ ನಾಗಿಣಿಯಾದಳು.

ಪಶುವೈದ್ಯರು ಬಂದು ನೋಡಿದರು. ಕೆಚ್ಚಲು ಬಾವು. ಹಾಲು ಪೂರಾ ಹಿಂಡದೆ ಬಿಟ್ಟರೆ, ಕೊಟ್ಟಿಗೆ ಹಸಿ ಇದ್ದರೆ, ಕೈ ತೊಳೆಯದೆ ಹಿಂಡಿದರೆ ಮೊಲೆಯ ತೂತಿನಿಂದ ರೋಗಾಣು ಒಳಗೆ ಹೋಗಿ ಕೆಚ್ಚಲು ಬಾಯುತ್ತದೆ, ಹಾಲು ಒಡೆದಂತೆ ಆಗುತ್ತದೆ. ಔಷಧ ಕೊಟ್ಟರು. ಎಮ್ಮೆ ಆರಾಮಾಯಿತು. ಓಣಿಯ ಮಾತು ಎಮ್ಮೆಯಷ್ಟು ಬೇಗ ಆರಾಮಾಗಲಿಲ್ಲ.

ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ 2013ರಲ್ಲಿ ಮಾಟ-ಮಂತ್ರದ ವಿರುದ್ಧ ಕಾಯ್ದೆ ಬಂತು. ಅದರಲ್ಲಿ ಒಂದು ಮಾತು ಸೇರಿಸಿದ್ದಾರೆ: ಮಂತ್ರ-ತಂತ್ರದಿಂದ ಆಕಳ ಹಾಲು ಕಡಿಮೆ ಮಾಡುತ್ತಾರೆ ಅಂತ ಒಬ್ಬರ ಮೇಲೆ ಹೊರಿಸಿ ಅವರ ಬಾಳು ಕಷ್ಟ ಮಾಡುವುದೂ ಅಪರಾಧ. ಕಾಯ್ದೆ ಬರೆಯುವವರಿಗೂ ಹಾಲಿನ ವಿಷಯ ಗೊತ್ತಿತ್ತು ಅಂದರೆ, ಎಷ್ಟು ಮನೆಗಳಲ್ಲಿ ಇದು ನಡೆದಿರಬೇಕು ಯೋಚಿಸಿ. ನಮ್ಮ ಕರ್ನಾಟಕದಲ್ಲೂ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆ 2017ರಲ್ಲಿ ಪಾಸಾಗಿ, 2020ರ ಜನವರಿಯಿಂದ ಜಾರಿಗೆ ಬಂದಿದೆ. ತಪ್ಪು ಸಾಬೀತಾದರೆ 1 ವರ್ಷದಿಂದ 7 ವರ್ಷದವರೆಗೆ ಜೈಲು. ಯಾರಾದರೂ ನಿಮ್ಮ ಮೇಲೆ ಇಂಥ ಹೆಸರು ಕಟ್ಟಿ ಕಿರುಕುಳ ಕೊಟ್ಟರೆ ಪೊಲೀಸ್ ಠಾಣೆಗೆ ಹೋಗಬಹುದು, ಒಬ್ಬರೇ ಹೋಗಬ್ಯಾಡ್ರಿ, ಸಂಘದವರು ನಾಲ್ಕು ಜನ ಕೂಡಿ ಹೋಗ್ರಿ.

ಆದರೆ ಆ ಇಬ್ಬರ ವಿಷಯದಲ್ಲಿ ಠಾಣೆಗೆ ಹೋಗಲಿಲ್ಲ. "ನನಗ ಕೇಸು ಬ್ಯಾಡ್ರಿ, ಆಕಿ ನನ್ನ ಮುಂದ ಕುಂತು ಬಳೆ ಮಾತು ತೆಗೀಲಿ, ಸಾಕು" ಅಂದಳು ಈಕಿ. ಸಂಘದ ಹತ್ತು-ಹನ್ನೆರಡು ಜನ ಕೂಡಿದ ಸಭೆಯಲ್ಲಿ ಇಬ್ಬರನ್ನೂ ಎದುರುಬದುರು ಕೂಡಿಸಿದೆವು. ಮೊದಲು ಯಾರೂ ಮಾತಾಡಲಿಲ್ಲ. ನಮ್ಮಲ್ಲೂ ಒಂದು ಕ್ಯಾಮರಾ ಇದ್ದಿದ್ದರೆ ಮುಖದಿಂದ ಮುಖಕ್ಕೆ ಹೋಗುತ್ತಿತ್ತೋ ಏನೋ. ಕಡೆಗೆ ಎಮ್ಮೆಯಾಕಿ ಬಾಯಿಬಿಟ್ಟಳು. "ನಿನ್ನ ಬಳೆ ನೋಡಿದಾಗೆಲ್ಲ ನನಗ ನನ್ನ ಬಡತನ ನೆನಪಾಗ್ತಿತ್ತು. ಅದಕ್ಕ ನಿನ್ನ ಕಡೆ ನೋಡೋದೇ ಬಿಟ್ಟೆ." ಅದನ್ನು ಕೇಳಿ ಇನ್ನೊಬ್ಬಾಕಿ ಅತ್ತಳು, ಆಮ್ಯಾಲ ಜಗಳ ಮಾಡಿದಳು, ಒಂದು ತಾಸು ಗಟ್ಟಿ ಜಗಳ. ಎಲ್ಲಾ ಅನ್ನಿಸಿಕೊಂಡು ಆಕಿ ಸುಮ್ಮನೆ ಕೂತಿದ್ದಳು. ನಾಲ್ಕು ತಿಂಗಳ ಕಂತನ್ನು ಪುಸ್ತಕದಲ್ಲಿ ಬರೆಸಿದೆವು. ಹಾಲಿನ ದುಡ್ಡಿನಿಂದ ತಿಂಗಳು ತಿಂಗಳು ತೀರಿಸಬೇಕೆಂದು ಠರಾವು ಆಯಿತು. ಓಣಿಯಲ್ಲಿ ಬಾನಾಮತಿ ಮಾತು ಎತ್ತಿದವರ ಮನೆಮನೆಗೆ ಎಮ್ಮೆಯಾಕಿಯೇ ಹೋಗಿ "ಅದು ಕೆಚ್ಚಲು ಬಾವು ಇತ್ತು" ಅಂತ ಹೇಳಿ ಬರಬೇಕೆಂದೂ ಆಯಿತು. ಅದು ಅವಳಿಗೆ ಸಾಲ ತೀರಿಸುವುದಕ್ಕಿಂತ ಕಷ್ಟವಾಯಿತು, ಆದರೂ ಹೋದಳು.

ಬಳೆ ಬಿಡಿಸಿಕೊಂಡದ್ದಾಯಿತು. ಗೆಳೆತನ ಮೊದಲಿನಂತೆ ಆಗಿಲ್ಲ. ಇಬ್ಬರೂ ಮಾತಾಡುತ್ತಾರೆ, ಸಭೆಗೆ ಜೊತೆಯಲ್ಲಿ ಬರುತ್ತಾರೆ, ಆದರೆ ಒಬ್ಬರ ಅಡಿಗೆಮನೆಗೆ ಇನ್ನೊಬ್ಬರು ಇನ್ನೂ ಹೋಗಿಲ್ಲ. ಕಳೆದ ಪಂಚಮಿಗೆ ಎಮ್ಮೆಯಾಕಿ ಒಂದು ಡಬ್ಬಿ ಉಂಡಿ ಗೋಡೆಯ ಮೇಲೆ ಇಟ್ಟು ಕೂಗಿದಳಂತೆ. ಡಬ್ಬಿ ಒಳಗೆ ಹೋಯಿತು. ಎರಡು ದಿನ ಬಿಟ್ಟು ಖಾಲಿ ಡಬ್ಬಿಯಲ್ಲಿ ಒಂದು ಹಿಡಿ ತೊಗರಿಬೇಳೆ ಹಾಕಿ ತಿರುಗಿ ಗೋಡೆಯ ಮೇಲೆ ಇಟ್ಟಿದ್ದಳಂತೆ ಈಕಿ.

ಈಗ ನನ್ನ ಮಾತು ಸಾಕು. ಐದೈದು ಜನ ಗುಂಪಾಗಿ ಕುಂದರ್ರಿ. ನಿಮ್ಮ ಸಂಘದಾಗ ಚಾಪೆಯ ಆ ತುದಿಗೆ ಹೋಗಿ ಕುಂತವರು ಯಾರು, ಎಷ್ಟು ದಿನ ಆಯಿತು, ಅವರ ಹೆಸರಿನಲ್ಲಿ ಪುಸ್ತಕದಾಗ ಬರೀದೆ ಉಳಿದದ್ದು ಏನಾದರೂ ಅದ ಏನು, ಅದನ್ನ ಮಾತಾಡ್ರಿ. ಚಹಾ ಬರ್ಲಾಕತ್ತದ.