ಕಾಡಿನ ನೆಲಹಸುರನ್ನು ಅಳೆಯುವುದು

ಚನ್ನಪಟ್ಟಣದ ಬೊಂಬೆಗೆ ಹಾಲೆ ಮರ ಬೇಕೆಂಬುದನ್ನು ನೀವೆಲ್ಲ ಬಲ್ಲಿರಿ. ಸುತ್ತಣ ಕುರುಚಲು ಕಾಡಿನಲ್ಲಿ ಅದು ತಾನಾಗಿಯೇ ಹುಟ್ಟುವ ಮರ. ಮಳೆಗಾಲ ಮುಗಿದಾಗ ಮಾಗಡಿ ಬಳಿಯ ಸಾವನದುರ್ಗದ ತಪ್ಪಲಿಗೆ ಹೋದರೆ ಮರಗಳ ಕೆಳಗೆಲ್ಲ ಹಸುರು. ಕಾಡು ಸೊಂಪಾಗಿದೆಯೆಂದು ಹಿಗ್ಗುತ್ತೇವೆ. ಆದರೆ ಆ ಹಸುರು ಹಾಲೆಯ ಸಸಿಯದೋ, ಹೂಗಿಡವೆಂದು ಅಮೆರಿಕದಿಂದ ಬಂದು ಕಾಡು ಹೊಕ್ಕ ಲಂಟಾನದ್ದೋ?

ಕಣ್ಣಂದಾಜನ್ನು ನಂಬುವಂತಿಲ್ಲ, ಇಬ್ಬರು ನೋಡಿದರೆ ಎರಡು ಲೆಕ್ಕ. 50 ಮೀಟರು ಹಗ್ಗ ಎಳೆದು, ಅರ್ಧ ಮೀಟರಿಗೊಮ್ಮೆ ತೆಳ್ಳಗಿನ ಉದ್ದ ಕೋಲನ್ನು ನೇರವಾಗಿ ನಿಲ್ಲಿಸಿ, ಅದಕ್ಕೆ ಯಾವ ಯಾವ ಗಿಡದ ಎಲೆ ತಾಗಿತೆಂದು ಬರೆದುಕೊಳ್ಳಬೇಕು. ನೂರು ಸಲದಲ್ಲಿ 60 ಸಲ ಲಂಟಾನ ತಾಗಿದರೆ ಅದರ ಹೊದಿಕೆ ನೂರಕ್ಕೆ 60. ಮೇಲೆ ಲಂಟಾನ, ಕೆಳಗೆ ಹುಲ್ಲು ಎರಡೂ ತಾಗಿದರೆ ಎರಡನ್ನೂ ಬರೆಯಬೇಕು. ಒಟ್ಟು ನೂರನ್ನು ದಾಟಿದರೆ ಗಾಬರಿ ಬೇಡ. ಲೆವಿ, ಮ್ಯಾಡನ್ ಎಂಬಿಬ್ಬರು ನ್ಯೂಜಿಲೆಂಡಿನ ಹುಲ್ಲುಗಾವಲಿಗಾಗಿ 1933ರಲ್ಲಿ ಪ್ರಕಟಿಸಿದ, ಸೂಜಿ ಇಳಿಸಿ ಎಣಿಸುವ ಕ್ರಮದ ಸೋದರನಿದು.

ಬೇಸಗೆಯಲ್ಲಿ ಎಲೆ ಉದುರುವ ಕಾಡಾದ್ದರಿಂದ ಪ್ರತಿವರ್ಷವೂ ಅದೇ ತಿಂಗಳಲ್ಲಿ ಅಳೆಯಬೇಕು. ಇನ್ನೊಂದು ಮಾತು: ಚಿಕ್ಕ ಸಸಿಗೆ ಕೋಲು ತಾಗುವುದು ಅಪರೂಪ. ಹಾಲೆಯ ಸಸಿಗಳನ್ನು ಹಗ್ಗದ ಇಕ್ಕೆಲದಲ್ಲೂ ಒಂದೊಂದು ಮೀಟರಿನೊಳಗೆ ಬೇರೆಯಾಗಿಯೇ ಎಣಿಸಬೇಕು. ಆ ಕಲಮಿನಲ್ಲಿ ಸೊನ್ನೆ ಬಂದು ಲಂಟಾನ ತುಂಬಿರುವ ಕಡೆಯಲ್ಲೇ ಅದನ್ನು ಬುಡಸಹಿತ ಕೀಳುವ ಕೆಲಸ ಮೊದಲಾಗಲಿ.