ಚಳಿ ಉತ್ತರದಿಂದ ಬಂತು, ಕತ್ತಲೆ ಎಲ್ಲಿಂದ ಬಂತು?



ಆರ್ಕ್ಟಿಕ್‌ನ ಶೀತಮಾರುತ ದಕ್ಷಿಣಕ್ಕೆ ಇಳಿಯುತ್ತಿದೆ ಎಂಬ ಮುನ್ಸೂಚನೆ ಬಂದಾಗಲೆಲ್ಲ ಟೆಕ್ಸಾಸ್‌ನ ಕನ್ನಡಿಗರಿಗೆ 2021ರ ಫೆಬ್ರವರಿ ನೆನಪಾಗುತ್ತದೆ. ಅದನ್ನು ನಿಸರ್ಗದ ಮುನಿಸು ಎಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ಆ ವಾರ ನಡೆದದ್ದು ಎರಡು ಸಂಗತಿ: ಒಂದು ಚಳಿ, ಇನ್ನೊಂದು ಕತ್ತಲೆ. ಇವೆರಡನ್ನೂ ಬೇರ್ಪಡಿಸಿ ನೋಡಬೇಕೆಂಬುದೇ ನನ್ನ ಇಂದಿನ ಮಾತಿನ ಉದ್ದೇಶ.

ಮೊದಲು ಚಳಿ. ಉತ್ತರ ಧ್ರುವದ ಮೇಲೆ ಚಳಿಗಾಲದಲ್ಲಿ ಸುತ್ತುವ ಗಾಳಿಯ ಸುಳಿಯೊಂದಿದೆ. ಅದು ಬಲವಾಗಿರುವಷ್ಟು ಕಾಲ ಶೀತ ಅಲ್ಲಿಯೇ ಬಂಧಿಯಾಗಿರುತ್ತದೆ. 2021ರ ಜನವರಿಯಲ್ಲಿ ಆ ಸುಳಿ ದುರ್ಬಲಗೊಂಡಿತು. ಬಳಿಕ ಜೆಟ್ ಪ್ರವಾಹ ದಕ್ಷಿಣಕ್ಕೆ ಬಾಗಿತು. ತಣ್ಣನೆಯ ಗಾಳಿ ಭಾರವಾದದ್ದು, ನೆಲಕ್ಕಂಟಿಕೊಂಡು ಹರಿಯುತ್ತದೆ. ಮಧ್ಯ ಏಷ್ಯಾದ ಚಳಿಯನ್ನು ತಡೆಯಲು ಭಾರತಕ್ಕೆ ಹಿಮಾಲಯವಿದೆ. ಕೆನಡಾಕ್ಕೂ ಮೆಕ್ಸಿಕೋ ಕೊಲ್ಲಿಗೂ ನಡುವೆ ಅಂಥ ಅಡ್ಡಗೋಡೆಯಿಲ್ಲ. ಫೆಬ್ರವರಿ 16ರಂದು ಡಲ್ಲಾಸ್‌ನ ಉಷ್ಣಾಂಶ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಇದರಲ್ಲಿ ಯಾರದೂ ನೇರ ತಪ್ಪಿಲ್ಲ.

ಇನ್ನು ಕತ್ತಲೆ. ಸುಮಾರು 45 ಲಕ್ಷ ಮನೆಗಳಿಗೆ ವಿದ್ಯುತ್ ಇರಲಿಲ್ಲ. ರಾಜ್ಯದ ಅಧಿಕೃತ ಲೆಕ್ಕದಂತೆ 246 ಜನ ಸತ್ತರು. ಬಹುಪಾಲು ಜನ ಸತ್ತದ್ದು ಚಳಿಗೆ ಸಿಕ್ಕಿ. ಮೈ ಬೆಚ್ಚಗಿಡಲು ಹೋಗಿ ವಿಷಾನಿಲ ಕುಡಿದು ಸತ್ತವರೂ ಇದ್ದರು. ಕೆಲವು ರಾಜಕಾರಣಿಗಳು ಗಾಳಿಯಂತ್ರಗಳನ್ನು ದೂರಿದರು. ಆದರೆ ಉತ್ಪಾದನೆ ಕುಸಿಯಲು ಅತಿ ದೊಡ್ಡ ಪಾಲು ಕೊಟ್ಟದ್ದು ನೈಸರ್ಗಿಕ ಅನಿಲ: ಬಾವಿ, ಕೊಳವೆ, ಸ್ಥಾವರಗಳ ಉಪಕರಣ ಹೆಪ್ಪುಗಟ್ಟಿದವು. ವಿದ್ಯುತ್ ಕಡಿತಗೊಳಿಸುವಾಗ ಅನಿಲ ಕೇಂದ್ರಗಳಿಗೂ ಕಡಿತವಾಯಿತು. ಅನಿಲವಿಲ್ಲದೆ ವಿದ್ಯುತ್ ಸ್ಥಾವರಗಳು ಇನ್ನಷ್ಟು ನಿಂತವು.

ಇದು ಅನಿರೀಕ್ಷಿತವೇ? ಖಂಡಿತ ಅಲ್ಲ. 2011ರ ಫೆಬ್ರವರಿಯಲ್ಲೂ ಹೀಗೆಯೇ ಆಗಿತ್ತು. ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸಿ ಎಂದು ಕೇಂದ್ರದ ನಿಯಂತ್ರಕರು ಶಿಫಾರಸು ಮಾಡಿದರು. ರಾಜ್ಯ ಅದನ್ನು ಕಡ್ಡಾಯ ಮಾಡಲಿಲ್ಲ. ಕೇಂದ್ರದ ನಿಯಂತ್ರಣ ಬೇಡವೆಂದೇ ಟೆಕ್ಸಾಸ್‌ನ ಬಹುಭಾಗ ತನ್ನ ವಿದ್ಯುತ್ ಜಾಲವನ್ನು ನೆರೆಯವರಿಂದ ಬೇರೆಯಾಗಿಟ್ಟುಕೊಂಡಿದೆ. ಕೊರತೆ ಬಂದಾಗ ಸಾಲ ತರಲು ದಾರಿ ತೀರಾ ಕಿರಿದಾಗಿತ್ತು. ಅದೇ ರಾಜ್ಯದ ಎಲ್ ಪಾಸೊ ನಗರ ಪಶ್ಚಿಮದ ಜಾಲಕ್ಕೆ ಸೇರಿದೆ, 2011ರ ಪಾಠವನ್ನೂ ಕಲಿತಿತ್ತು. ಅಲ್ಲಿ ಚಳಿ ತುಸು ಕಡಿಮೆಯಿತ್ತು, ನಿಜ. ಕತ್ತಲೆ ಮಾತ್ರ ಇರಲಿಲ್ಲವೆನ್ನುವಷ್ಟು ಕಡಿಮೆ.

ಆ ರಾತ್ರಿಗಳಲ್ಲಿ ಜನರಿಲ್ಲದ ಕಚೇರಿ ಗೋಪುರಗಳು ಬೆಳಗುತ್ತಿದ್ದವು, ಬಾಡಿಗೆ ಮನೆಗಳ ಬೀದಿಗಳು ಕತ್ತಲಲ್ಲಿದ್ದವು. ಚಳಿ ಎಲ್ಲರಿಗೂ ಒಂದೇ. ಅದರಿಂದ ಪಾರಾಗುವ ಅನುಕೂಲ ಒಂದೇ ಅಲ್ಲ. ಸ್ವಂತ ಜನರೇಟರ್ ಕೊಳ್ಳಬಲ್ಲ ನಮ್ಮಲ್ಲಿ ಅನೇಕರಿಗೆ ಇದು ಮರೆತುಹೋಗುತ್ತದೆ.

2021ರಲ್ಲಿಯೇ ಸ್ಥಾವರಗಳನ್ನು ಸಜ್ಜುಗೊಳಿಸುವ ಕಾನೂನು ಬಂತು. ಅದು ಜನರ ಸಿಟ್ಟಿನ ಫಲ. ಜಾಲ ಮಾತ್ರ ಇಂದಿಗೂ ಬಹುತೇಕ ಒಂಟಿ. ಮುಂದಿನ ಶೀತಮಾರುತ ಬರುವಾಗ ಊರಿನಿಂದ ಬಂದಿರುವ ನಮ್ಮ ಅಪ್ಪ ಅಮ್ಮಂದಿರ ಜೊತೆಗೆ ಪಕ್ಕದ ಬೀದಿಯ ಬಾಡಿಗೆದಾರರನ್ನೂ ವಿಚಾರಿಸೋಣ. ಅಷ್ಟಕ್ಕೇ ನಿಲ್ಲುವುದು ಬೇಡ. ಮತದ ಹಕ್ಕಿರುವವರು ಮತದಿಂದ, ಇಲ್ಲದವರು ಸಾರ್ವಜನಿಕ ವಿಚಾರಣೆಗಳಲ್ಲಿ ದನಿಯಿಂದ ಕೇಳಬೇಕು: ಯಾರ ಲಾಭಕ್ಕಾಗಿ ಯಾರ ಮನೆ ಕತ್ತಲಾಗಬೇಕು?